ಕುಸ್ವಾರ್ ತಟ್ಟೆಯ ಕ್ರಿಸ್‌ಮಸ್

ಕ್ರಿಸ್‌ಮಸ್ ಪರದೇಶದ ಹಬ್ಬ ಅನ್ನುವವರು ಮಂಗಳೂರಿನ ಕ್ಯಾಥೊಲಿಕ್ ಮನೆಯ ಕುಸ್ವಾರ್ ತಟ್ಟೆಯನ್ನು, ಅಂದರೆ ಹಬ್ಬದ ತಿಂಡಿಗಳ ತಟ್ಟೆಯನ್ನೊಮ್ಮೆ ನೋಡಬೇಕು. ಅದರಲ್ಲಿರುವುದು ಎಳ್ಳು, ಬೆಲ್ಲ, ಅಕ್ಕಿಹಿಟ್ಟು, ತೆಂಗಿನಹಾಲು. ನೆವ್ರಿ ನಮ್ಮ ಕರ್ಜಿಕಾಯಿಯ ನೆಂಟ. ಚಕ್ಕುಲಿಗಂತೂ ಪರಿಚಯವೇ ಬೇಡ. ಕಿಡಿಯೊ ಎಂಬ ತಿಂಡಿ ಮಾಡಲು ಹಿಟ್ಟಿನ ಪುಟ್ಟ ಉಂಡೆಗಳನ್ನು ಫೋರ್ಕಿನ ಬೆನ್ನಿಗೊತ್ತಿ ಒಂದೊಂದಾಗಿ ಸುರುಳಿ ಸುತ್ತಬೇಕು. ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಹಾಗಾಗಿಯೇ ಹಬ್ಬಕ್ಕೆ ಮೊದಲೇ ಮನೆಮಂದಿ ಒಟ್ಟಿಗೆ ಕೂರುತ್ತಾರೆ.

ಕ್ರಿಸ್‌ಮಸ್ ಮರ, ಸಾಂತಾ ಹೊರಗಿನಿಂದ ಬಂದದ್ದಲ್ಲವೇ? ಹೌದು. ಆದರೆ ಅಲಂಕರಿಸಿದ ಮರ ಇಂಗ್ಲೆಂಡಿಗೂ ಜರ್ಮನಿಯಿಂದಲೇ ಹೋದದ್ದು. ಇಂಗ್ಲೆಂಡಿನ ಮನೆಗಳಲ್ಲಿ ಅದು ಜನಪ್ರಿಯವಾದದ್ದು 1840ರ ದಶಕದಲ್ಲಿ. ನಮ್ಮ ಅಡುಗೆಮನೆಯ ಮೆಣಸಿನಕಾಯಿಯೂ ಹಡಗು ಹತ್ತಿಯೇ ಬಂತು, ನಮ್ಮದೇ ಆಯಿತು. ಕುಸ್ವಾರ್ ಈಗ ಬೇಕರಿಯಲ್ಲೂ ಸಿಗುವಾಗ ಮನೆಯಲ್ಲೇಕೆ ಒದ್ದಾಟ ಅನ್ನುವವರಿದ್ದಾರೆ. ದುಡಿದು ದಣಿದವರು ಕೊಳ್ಳಲಿ, ತಪ್ಪೇನು? ನೆರೆಮನೆಗೆ ತಟ್ಟೆ ಕಳಿಸುವುದನ್ನು ಮಾತ್ರ ಬಿಡಬೇಡಿ.