ನಿಮಗಿದು ಗೊತ್ತೇ? ಒಂದು ಮೊಣಕಾಲು, ಎರಡು ಗ್ಯಾಲರಿ

ಇಂಗ್ಲೆಂಡಿನ ಲೀಗ್ ಪಂದ್ಯ ಈಗ ಶಹಾಪುರದ ಚಹಾದಂಗಡಿ ಕಟ್ಟೆಗೂ ಬಂದಿದೆ, ಮೊಬೈಲಿನೊಳಗೆ. ಶಿಳ್ಳೆ ಊದುವ ಮುನ್ನ ಆಟಗಾರರು ಒಂದು ಮೊಣಕಾಲೂರಿ ಕೂತರೆ ಕಟ್ಟೆಯ ಮೇಲೂ ಎರಡು ಪಕ್ಷ. "ಮೊಣಕಾಲ ಯಾಕ ಊರ್ತಾರಪಾ, ಎಲ್ಲಾ ನಾಟಕ" ಎಂದು ಒಬ್ಬ. "ಅವರಿಗೆ ಬೈದಂಗ ನಿನಗ ಬೈದಿದ್ರ ತಿಳೀತಿತ್ತು" ಎಂದು ಇನ್ನೊಬ್ಬ. ಲಂಡನ್ನಿನ ಗ್ಯಾಲರಿಯಲ್ಲಿ ನಡೆದ ಜಗಳವೂ ಇಷ್ಟೇ. ಜಗಳಕ್ಕೆ ಸ್ವಲ್ಪ ಸರಕು ಇಲ್ಲಿದೆ.

ಮೊಣಕಾಲಿನ ಕಥೆ

1. ಈ ಸನ್ನೆ ಶುರುವಾದದ್ದು ನಾವು ನೋಡುವ ಫುಟ್‌ಬಾಲಿನಲ್ಲಲ್ಲ, ಚೆಂಡನ್ನು ಕಂಕುಳಲ್ಲಿಟ್ಟು ಓಡುವ ಅಮೆರಿಕನ್ ಫುಟ್‌ಬಾಲಿನಲ್ಲಿ. 2016ರಲ್ಲಿ ಆಟಗಾರ ಕಾಲಿನ್ ಕೆಪರ್ನಿಕ್, ಅಮೆರಿಕದ ಕಪ್ಪು ಜನರ ಮೇಲಿನ ಅನ್ಯಾಯ ವಿರೋಧಿಸಿ, ರಾಷ್ಟ್ರಗೀತೆಯ ಹೊತ್ತಿಗೆ ಮೊದಲು ಬೆಂಚಿನ ಮೇಲೆ ಕೂತೇ ಇದ್ದರು. ಕೂರುವುದಕ್ಕಿಂತ ಮೊಣಕಾಲೂರುವುದು ಗೌರವದ್ದು ಎಂದು ಸಲಹೆ ಕೊಟ್ಟವರು ನೇಟ್ ಬಾಯರ್ ಎಂಬ ಮಾಜಿ ಸೈನಿಕ. ಗೌರವಕ್ಕೆಂದು ಆರಿಸಿಕೊಂಡ ಭಂಗಿಯೇ ಅಗೌರವವೆಂದು ಲಕ್ಷಾಂತರ ಜನ ಸಿಟ್ಟಾದರು. ಆ ಋತು ಮುಗಿದ ಮೇಲೆ ಕೆಪರ್ನಿಕ್ ಲೀಗಿನಲ್ಲಿ ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ.

2. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಇದು ಆರಂಭವಾದ ದಿನ 17 ಜೂನ್ 2020. ಕೊರೊನಾ ಕಾಲ, ಗ್ಯಾಲರಿ ಖಾಲಿ. ಒಪ್ಪದವರು ಎಷ್ಟಿದ್ದಾರೆಂದು ತಿಳಿಯಲು ಅಭಿಮಾನಿಗಳು ಮರಳಿ ಬರಬೇಕಾಯಿತು.

3. ಬಂದರು. 5 ಡಿಸೆಂಬರ್ 2020, ಲಂಡನ್ನಿನ ಮಿಲ್‌ವಾಲ್ ಮೈದಾನ, ಎದುರಾಳಿ ಡರ್ಬಿ. ಆಟಗಾರರು ಮೊಣಕಾಲೂರಿದ್ದೇ ತಡ, ತವರಿನ ಕೆಲವು ಅಭಿಮಾನಿಗಳು 'ಹೋ' ಎಂದು ಕೂಗಿ ಮೂದಲಿಸಿದರು. ಡರ್ಬಿಯ ಕಾಲಿನ್ ಕಾಝಿಮ್ ರಿಚರ್ಡ್ಸ್ ಮಾತ್ರ ಮುಷ್ಟಿ ಎತ್ತಿ ನಿಂತರು. ಆಟದಲ್ಲಿ ರಾಜಕೀಯ ಬೇಡ ಎಂಬುದು ಕೂಗಿದವರ ವಾದ. ನಮ್ಮ ಮೈಬಣ್ಣ ರಾಜಕೀಯವಾದದ್ದು ಯಾವಾಗ ಎಂಬುದು ಉಳಿದವರ ಮರುಪ್ರಶ್ನೆ.

4. ಮೂರೇ ದಿನ ಕಳೆಯಿತು. ಅದೇ ಮಿಲ್‌ವಾಲ್ ಮೈದಾನದಲ್ಲಿ ಎರಡೂ ತಂಡಗಳು ತೋಳಿಗೆ ತೋಳು ಹೆಣೆದು ಸಮಾನತೆಯ ಬ್ಯಾನರ್ ಹಿಡಿದು ನಿಂತವು. ಗ್ಯಾಲರಿ ಚಪ್ಪಾಳೆ ತಟ್ಟಿತು! ಸಂದೇಶ ಹಳೆಯದೇ, ಭಂಗಿ ಮಾತ್ರ ಬೇರೆ.

5. 2021ರ ಜೂನ್‌ನಲ್ಲಿ ಇದನ್ನು 'ಸನ್ನೆಯ ರಾಜಕೀಯ' ಎಂದು ಟೀಕಿಸಿದ ಬ್ರಿಟಿಷ್ ಗೃಹಸಚಿವೆ ಯಾರು? ಗುಜರಾತಿ ಮೂಲದ ಪ್ರೀತಿ ಪಟೇಲ್. ಕೂಗುವುದೂ ಬಿಡುವುದೂ ಅಭಿಮಾನಿಗಳ ಆಯ್ಕೆ ಎಂದರು. ವಲಸೆ ಬಂದವರ ಮಕ್ಕಳೆಲ್ಲ ಒಂದೇ ಪಕ್ಷದಲ್ಲಿರುತ್ತಾರೆ ಎಂದು ನಂಬಿದವರಿಗೆ ಇದೊಂದು ಪಾಠ.

6. ಮುಂದಿನ ತಿಂಗಳೇ, 11 ಜುಲೈ 2021ರಂದು, ಯೂರೋ ಫೈನಲ್‌ನಲ್ಲಿ ಇಟಲಿ ವಿರುದ್ಧ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಪೆನಾಲ್ಟಿ ತಪ್ಪಿಸಿದರು. ಮೂವರೂ ಕಪ್ಪುವರ್ಣದವರು. ರಾತ್ರಿ ಬೆಳಗಾಗುವುದರೊಳಗೆ ಮೊಬೈಲ್ ತುಂಬ ಹೊಲಸು ಬೈಗುಳ. ಮ್ಯಾಂಚೆಸ್ಟರಿನಲ್ಲಿ ಗೀಚಿ ಕೆಡಿಸಿದ್ದ ರ‍್ಯಾಶ್‌ಫರ್ಡ್ ಗೋಡೆಚಿತ್ರವನ್ನು ಓಣಿಯ ಜನ ಕಾಗದದ ಹೃದಯ, ಪತ್ರ ಅಂಟಿಸಿ ಮುಚ್ಚಿದರು. ಬೈದವರಲ್ಲೂ ಅಂಟಿಸಿದವರಲ್ಲೂ ಒಂದೇ ತಂಡದ ಅಭಿಮಾನಿಗಳಿದ್ದರು.

7. ಮೊಣಕಾಲೂರದವರೆಲ್ಲ ವರ್ಣದ್ವೇಷಿಗಳಲ್ಲ. ಆಗ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿದ್ದ ವಿಲ್ಫ್ರೆಡ್ ಝಾಹಾ ಸ್ವತಃ ಕಪ್ಪು ಆಟಗಾರ. ಇದು ಬರೀ ವಾಡಿಕೆಯಾಯಿತೆಂದು 2021ರ ಮಾರ್ಚ್‌ನಿಂದ ಅವರು ನಿಂತೇ ಇದ್ದರು.

8. 2022ರಲ್ಲಿ ಹಂಗೆರಿಗೆ ಒಂದು ಶಿಕ್ಷೆ: ಅಭಿಮಾನಿಗಳ ಜನಾಂಗೀಯ ನಿಂದನೆಗಾಗಿ ಖಾಲಿ ಮೈದಾನದಲ್ಲಿ ಆಡಬೇಕು. ಮಕ್ಕಳಿಗೆ, ಅವರ ಜೊತೆ ಬರುವ ಕೆಲವು ದೊಡ್ಡವರಿಗೆ ಮಾತ್ರ ವಿನಾಯಿತಿ ಇತ್ತು. 30 ಸಾವಿರಕ್ಕೂ ಹೆಚ್ಚು ಜನ ಬಂದರು, ಬಹುಪಾಲು ಮಕ್ಕಳೇ. ಇಂಗ್ಲೆಂಡ್ ಆಟಗಾರರು ಮೊಣಕಾಲೂರಿದಾಗ ಆ ಗ್ಯಾಲರಿಯಿಂದಲೂ ಮೂದಲಿಕೆ ಕೇಳಿತು.

9. 2025ರ ಜುಲೈನಲ್ಲಿ ಇಂಗ್ಲೆಂಡಿನ ಮಹಿಳಾ ತಂಡ ಮೊಣಕಾಲೂರುವುದನ್ನೇ ನಿಲ್ಲಿಸಿತು. ಕಾರಣ ಅಭಿಮಾನಿಗಳ ವಿರೋಧವಲ್ಲ. ಸಹ ಆಟಗಾರ್ತಿ ಜೆಸ್ ಕಾರ್ಟರ್‌ಗೆ ಬೈಗುಳ ಬರುತ್ತಲೇ ಇದ್ದವು. ಬೇರೆ ದಾರಿ ಹುಡುಕಬೇಕು ಎಂದಿತು ತಂಡ. ಕೆಲವೇ ದಿನಗಳಲ್ಲಿ ಯೂರೋ ಕಪ್ಪನ್ನೂ ಗೆದ್ದಿತು.

ನಮ್ಮ ಮೈದಾನದಲ್ಲಿ

10. 21 ಸೆಪ್ಟೆಂಬರ್ 2023, ಕೊಚ್ಚಿ. ಬೆಂಗಳೂರು ಎಫ್‌ಸಿಯ ಆಸ್ಟ್ರೇಲಿಯನ್ ಆಟಗಾರ ರಯಾನ್ ವಿಲಿಯಮ್ಸ್, ಮೇಘಾಲಯದ ಐಬಾನ್ ಡೋಹ್ಲಿಂಗ್ ಎದುರು ಮೂಗು ಹಿಡಿದ ದೃಶ್ಯ ಕ್ಯಾಮೆರಾಕ್ಕೆ ಸಿಕ್ಕಿತು. ಅದು ಜನಾಂಗೀಯ ಅವಮಾನವೆಂದು ಐಬಾನ್ ಆಡುತ್ತಿದ್ದ ಕೇರಳ ಬ್ಲಾಸ್ಟರ್ಸ್ ದೂರು ಕೊಟ್ಟಿತು. ಆ ತಂಡದ ಅಭಿಮಾನಿ ಬಳಗ 'ಮಂಜಪ್ಪಡ' ಕ್ರಮಕ್ಕೆ ಪಟ್ಟು ಹಿಡಿಯಿತು. ಮೊಣಕಾಲು ಗೌರವದ ಸನ್ನೆಯಾದರೆ ಮೂಗು ಹಿಡಿಯುವುದು ಯಾವುದರ ಸನ್ನೆ? ಕೇರಿಯ ಕಡೆಯಿಂದ ಬಂದವರನ್ನು ಕಂಡು ಮೂಗು ಮುಚ್ಚಿಕೊಂಡ ನಾಡಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

11. ಕಥೆ ಅಲ್ಲಿಗೇ ನಿಲ್ಲಲಿಲ್ಲ. ವಿಲಿಯಮ್ಸ್ ಅವರ ತಾಯಿ ಮುಂಬಯಿಯ ಆಂಗ್ಲೋ ಇಂಡಿಯನ್ ಮನೆತನದವರು. 2025ರಲ್ಲಿ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪ್ರಜೆಯಾದರು, ನವೆಂಬರ್‌ನಲ್ಲಿ ಭಾರತ ತಂಡದ ಶಿಬಿರಕ್ಕೂ ಬಂದರು. ನಿನ್ನೆಯ 'ಹೊರಗಿನವ' ಇವತ್ತು ಒಳಗಿನವ.

12. ನಮ್ಮ ಕ್ರಿಕೆಟ್ ತಂಡವೂ ಮೊಣಕಾಲೂರಿದ್ದುಂಟು. 24 ಅಕ್ಟೋಬರ್ 2021, ದುಬೈ, ಟಿ20 ವಿಶ್ವಕಪ್. ಕ್ರೀಸಿನ ಬಳಿ ರೋಹಿತ್ ಶರ್ಮಾ, ನಮ್ಮ ಕೆ.ಎಲ್. ರಾಹುಲ್; ಗೆರೆಯಾಚೆ ಉಳಿದವರು. ಪಾಕಿಸ್ತಾನದ ಆಟಗಾರರು ಎದೆಯ ಮೇಲೆ ಕೈಯಿಟ್ಟು ನಿಂತರು. ಭಾರತ ಸೋತಿತು. ಅದೇ ರಾತ್ರಿ ಮೊಹಮ್ಮದ್ ಶಮಿಗೆ ಧರ್ಮದ ಹೆಸರು ಹಿಡಿದು ಬೈಗುಳ ಸುರಿಯಿತು. ದೂರದ ಅಮೆರಿಕದ ಅನ್ಯಾಯಕ್ಕೆ ಸಂಜೆ ಮೊಣಕಾಲು, ಮನೆಯ ಹುಡುಗನಿಗೆ ರಾತ್ರಿ ಕಲ್ಲು! ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಬೆನ್ನಿಗೆ ನಿಂತರು.

13. ಅದೇ ವರ್ಷದ ಜನವರಿಯಲ್ಲಿ ಸಿಡ್ನಿಯಲ್ಲಿ ಬೈಗುಳ ತಿಂದವರು ಹೈದರಾಬಾದಿನ ಮೊಹಮ್ಮದ್ ಸಿರಾಜ್. ಅವರು ಅಂಪೈರ್‌ಗೆ ಹೇಳಿದರು, ಆಟ ನಿಂತಿತು, ಆರು ಪ್ರೇಕ್ಷಕರನ್ನು ಹೊರಗೆ ಕಳಿಸಿದರು.

14. ಹೈದರಾಬಾದ್ ಐಪಿಎಲ್ ತಂಡದಲ್ಲಿ ತನ್ನನ್ನು 'ಕಾಲೂ' ಎನ್ನುತ್ತಿದ್ದರೆಂದು ವೆಸ್ಟ್ ಇಂಡೀಸಿನ ಡ್ಯಾರೆನ್ ಸ್ಯಾಮಿ 2020ರಲ್ಲಿ ಹೇಳಿದರು. ಗಟ್ಟಿಮುಟ್ಟಾದ ಕುದುರೆ ಎಂದು ಅದರ ಅರ್ಥವಿರಬಹುದು ಎಂದುಕೊಂಡಿದ್ದರಂತೆ. ಕರೆಪ್ಪ, ಕರೆವ್ವ ನಮ್ಮ ಊರುಗಳಲ್ಲಿ ಮುದ್ದಿನ ಹೆಸರು, ದೇವರ ಹೆಸರು. ಹೆಸರಿನಲ್ಲಿ ದೋಷವಿಲ್ಲ, ಕರೆಯುವ ದನಿಯಲ್ಲಿರುತ್ತದೆ.

15. ಕಪ್ಪನ್ನೇ ಬಿಟ್ಟ ಸನ್ನೆ ಗೊತ್ತೇ? 1974ರ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ಭಾರತದ ಎದುರಾಳಿ ವರ್ಣಭೇದದ ದಕ್ಷಿಣ ಆಫ್ರಿಕ. ಭಾರತ ಆಡಲು ನಿರಾಕರಿಸಿತು. ಆಡದೆಯೇ ದಕ್ಷಿಣ ಆಫ್ರಿಕ ಚಾಂಪಿಯನ್ ಆಯಿತು. ಭಾರತಕ್ಕೆ ಆ ಕಪ್ ಇವತ್ತಿಗೂ ದಕ್ಕಿಲ್ಲ.

ಊರು ಬದಲಾದಾಗ

16. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ 1920ರಲ್ಲಿ ಹುಟ್ಟಿದ್ದು ಪೂರ್ವ ಬಂಗಾಳದಿಂದ ಬಂದವರ ಸ್ವಾಭಿಮಾನಕ್ಕಾಗಿ. ದೇಶ ವಿಭಜನೆಯ ನಂತರ ಅದು ನಿರಾಶ್ರಿತರ ತಂಡವೇ ಆಯಿತು. 2020ರ ಜನವರಿಯಲ್ಲಿ ಪೌರತ್ವ ಕಾಯ್ದೆಯ ಗದ್ದಲದ ನಡುವೆ, ಈ ನೆಲ ಕೊಂಡದ್ದು ರಕ್ತದಿಂದ, ಕಾಗದದಿಂದಲ್ಲ ಎಂಬರ್ಥದ ದೊಡ್ಡ ಬ್ಯಾನರನ್ನು ಅದರ ಅಭಿಮಾನಿಗಳು ಹರಡಿದರು.

17. ಅದೇ ಕ್ಲಬ್ಬಿನ ಮುಂಚೂಣಿಯ ಐವರನ್ನು 1950ರ ಆಸುಪಾಸಿನಲ್ಲಿ ಜನ 'ಪಂಚಪಾಂಡವರು' ಎಂದು ಕರೆದರು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹ್ಮದ್ ಖಾನ್. ಇಬ್ಬರು ಮುಸ್ಲಿಮರು. ಅಹ್ಮದ್ ಖಾನ್ ಅಪ್ಪಟ ಬೆಂಗಳೂರಿಗ. ಪಾಂಡವರಲ್ಲಿ ಖಾನ್ ಹೇಗೆ ಎಂದು ಗ್ಯಾಲರಿ ಕೇಳಲಿಲ್ಲ.

18. ಬಿಳಿಯ ಪಲ್ಟನ್ನುಗಳ ಸ್ವತ್ತಾಗಿದ್ದ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ 1937ರ ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷವೂ ಗೆದ್ದದ್ದು ಅವರೇ.

19. ಬೆಂಗಳೂರಿನ ಹಲಸೂರಿನ ಪಕ್ಕದ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ನಿಂತಿರುವ ನಾಲ್ಕನೆಯ ಮೂರ್ತಿ ಬ್ರೆಜಿಲಿನ ಪೆಲೆ ಅವರದು.

20. 2012ರ ಆಗಸ್ಟ್‌ನಲ್ಲಿ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯ ಭಾರತದ ಸುಮಾರು 30 ಸಾವಿರ ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳು ಓಡಿದವು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿಗೆ 2014ರಲ್ಲಿ ಮೇಘಾಲಯದ ಯೂಜೆನೆಸನ್ ಲಿಂಗ್ಡೊ, ಮಣಿಪುರದ ಉದಾಂತ ಸಿಂಗ್ ಬಂದರು. ಎರಡು ವರ್ಷದ ಹಿಂದೆ ಅವರ ಕಡೆಯವರು ರೈಲು ಹತ್ತಿದ ಊರಿನಲ್ಲೇ ಅಭಿಮಾನಿಗಳು ಇವರ ಹೆಸರು ಕೂಗಿದರು.

21. 4 ಮಾರ್ಚ್ 2023ರಂದು ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಎದುರಾಳಿ ಮೇಘಾಲಯ, ಅಂತರ 3-2, ಊರು ಸೌದಿಯ ರಿಯಾದ್.

ನಮ್ಮ ಹೊಸ್ತಿಲಲ್ಲಿ

22. ಪಕ್ಕದ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಆಡಳಿತದ ಚುಕ್ಕಾಣಿ ಹಿಡಿದಿದ್ದ ಇಖ್ಲಾಸ್ ಖಾನ್ ಆಫ್ರಿಕ ಮೂಲದವರು. ನಾನೂರು ವರ್ಷದ ಹಿಂದೆ ಕಪ್ಪು ಮನುಷ್ಯನೆದುರು ದರ್ಬಾರು ತಲೆಬಾಗಿತ್ತು.

23. ಉತ್ತರ ಕನ್ನಡದ ಸಿದ್ದಿಗಳನ್ನು 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ತರಬೇತಿಗೆ ಆರಿಸಿತು. ಆಫ್ರಿಕದ ರಕ್ತವಿದೆ, ಓಡಿಯಾರು ಎಂಬುದು ಲೆಕ್ಕ. ಮೆಚ್ಚುಗೆಯಂತೆ ಕಾಣುವ ಇದೂ ಬಣ್ಣದ ಲೆಕ್ಕವೇ. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಸಿದ್ದಿ ಸಮುದಾಯದ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ.

24. ಸುರಪುರದ ಟೇಲರ್ ಮಂಜಿಲ್ ನೋಡಿದ್ದೀರಿ. ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬರನ್ನು ಎಳೆಯ ರಾಜಾ ವೆಂಕಟಪ್ಪ ನಾಯಕ 'ಅಪ್ಪಾ' ಎನ್ನುತ್ತಿದ್ದರು. 1840ರಲ್ಲಿ ಟೇಲರ್ ಮದುವೆಯಾದ ಮೇರಿ ಪಾಮರ್ ಯಾರು? ಅವರ ತಂದೆ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್, ಇಂಗ್ಲಿಷ್ ಸೇನಾಧಿಕಾರಿಗೂ ಭಾರತದ ಬೇಗಂಗೂ ಹುಟ್ಟಿದವರು. 1791ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಭಾರತೀಯ ತಾಯಂದಿರ ಮಕ್ಕಳಿಗೆ ನೌಕರಿಯ ಬಾಗಿಲು ಹಾಕಿತ್ತು. ಪಾಮರ್ ನಿಜಾಮರ ಸೇವೆಗೆ ಸೇರಿದ್ದರು.

25. 1 ನವೆಂಬರ್ 1956ರಂದು ಯಾದಗಿರಿ ಸೀಮೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನ ಫುಟ್‌ಬಾಲಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ತಂಡದಲ್ಲಿ ನಮ್ಮ ಕೆಂಪಯ್ಯ.

26. ಅದೇ ರಹೀಮ್ ಸಾಹೇಬರ ಹುಡುಗರು 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್ ಆಡಿದಾಗ ಇಡೀ ಗ್ಯಾಲರಿ ವಿರುದ್ಧ. ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದಕ್ಕೆ ಸಿಟ್ಟು. ಆ ಗದ್ದಲದಲ್ಲಿ ಭಾರತಕ್ಕೆ ಜೈ ಎಂದ ಗುಂಪು ಯಾವುದು? ಪಾಕಿಸ್ತಾನದ ಹಾಕಿ ತಂಡ. ದಕ್ಷಿಣ ಕೊರಿಯಾ ವಿರುದ್ಧ 2-1, ಚಿನ್ನ ನಮ್ಮದು.

27. ನಮ್ಮ ಜಿಲ್ಲೆಗೆ ಬರುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಕೃಷ್ಣೆಯ ಕಾಲುವೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು 'ಕ್ಯಾಂಪ್' ಕಟ್ಟಿದರು. ಇತ್ತ ತಾಂಡಾದವರು, ಒಣಭೂಮಿಯವರು ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು. ಇಲ್ಲಿ ಬಂದವನಿಗೆ 'ಕ್ಯಾಂಪಿನವ' ಎನ್ನುವ ನಮಗೇ ಅಲ್ಲಿ ಮಾತು ಕೇಳಿ "ನೀವು ಆಂಧ್ರದವರಾ?" ಎನ್ನುತ್ತಾರೆ.

28. ಕೊನೆಗೆ ಚಹಾ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ದಲಿತ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತವರು. ಪುಣೆಯಲ್ಲಿ ಆಡುತ್ತಿದ್ದ ದಿನಗಳಲ್ಲಿ ಅವರಿಗೆ ಚಹಾ ಸಿಗುತ್ತಿದ್ದದ್ದು ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಬೇರೆ ಲೋಟದ ಕಥೆ ನಮ್ಮ ಕಡೆಯ ಹಿರಿಯರಿಗೂ ಹೊಸದಲ್ಲ.

29. ಆಗ ಧರ್ಮಕ್ಕೊಂದು ತಂಡ ಕಟ್ಟಿ ಆಡುವ ಟೂರ್ನಿಯಿತ್ತು; 1920ರಲ್ಲಿ ಬಾಳೂ ಅವರ ತಮ್ಮ ವಿಠ್ಠಲನಿಗೆ ಹಿಂದೂ ತಂಡದ ನಾಯಕತ್ವ ತಪ್ಪಿತು. ವಿಠ್ಠಲ್, ಇನ್ನೊಬ್ಬ ತಮ್ಮ ಶಿವರಾಂ ಇಬ್ಬರೂ ತಂಡ ಬಿಟ್ಟು ಹೊರನಡೆದರು. ಮೊಣಕಾಲಲ್ಲ, ಆಟವನ್ನೇ ಕೆಳಗಿಟ್ಟರು. 1923ರಲ್ಲಿ ವಿಠ್ಠಲ್ ನಾಯಕನಾದ, ತಂಡ ಯುರೋಪಿಯನ್ನರನ್ನು ಸೋಲಿಸಿತು. ಅಂದು ಅವನನ್ನು ಹೊತ್ತು ಕುಣಿದವರಲ್ಲಿ ಮೇಲುಜಾತಿಯವರೂ ಇದ್ದರು. ಅಣ್ಣನಿಗೆ ಕುಡಿಕೆ, ತಮ್ಮನಿಗೆ ಹೆಗಲು. ನಡುವೆ ಸುಮಾರು ಮೂವತ್ತು ವರ್ಷ, ಒಂದು ಹೊರನಡೆ.