ಐವತ್ತು ಪಂದ್ಯಗಳ ತೀರ್ಪು

ಕ್ರಿಕೆಟ್ ಬೌಲರನಿಗೆ ಆರು ಚೆಂಡುಗಳಾದ ಮೇಲೆ ವಿರಾಮವುಂಟು. ಇನ್ನೊಂದು ತುದಿಯಿಂದ ಮತ್ತೊಬ್ಬನು ಭಾರ ಹೊರುತ್ತಾನೆ. ಅಮೆರಿಕನ್ನರ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಪಿಚರನಿಗೆ ಅಂತಹ ಜೊತೆಗಾರನಿಲ್ಲ. ಅವನು ದಣಿದರೆ ಬದಲಿ ಪಿಚರನೇ ಬರಬೇಕು. ಆದುದರಿಂದಲೇ ತಂಡ ಸೋತಾಗ ಅಭಿಮಾನಿಗಳ ಕೋಪವೆಲ್ಲ ಪಿಚರುಗಳ ಮೇಲೆ.

೨೦೧೯ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ ನಗರದ ನ್ಯಾಷನಲ್ಸ್ ತಂಡಕ್ಕೆ ಇಂತಹ ದುರ್ದಶೆಯೊದಗಿತು. ಮೊದಲ ೫೦ ಪಂದ್ಯಗಳಲ್ಲಿ ಗೆದ್ದುದು ೧೯, ಸೋತುದು ೩೧. ಮುಖ್ಯ ಪಿಚರುಗಳು ಗಳಿಸಿಕೊಟ್ಟ ಮೇಲುಗೈಯನ್ನು ಬದಲಿಯವರು ಕೊನೆಯ ಗಳಿಗೆಯಲ್ಲಿ ಕಳೆಯುತ್ತಿದ್ದರು. ಪಿಚರುಗಳ ತರಬೇತುದಾರರನ್ನು ತೆಗೆದುಹಾಕಿಯೂ ಆಗಿತ್ತು. ಮ್ಯಾನೇಜರ್ ಡೇವ್ ಮಾರ್ಟಿನೆಜ್ ಅವರೂ ತೊಲಗಲೆಂದು ಕೆಲವರೆಂದರು. ೧೬೨ ಪಂದ್ಯಗಳ ದೀರ್ಘಯಾತ್ರೆಯಲ್ಲಿ ಇನ್ನೂ ೧೧೨ ಉಳಿದಿವೆಯೆಂದು ಕೆಲವರು ಸಮಾಧಾನ ಹೇಳಿದರು.

ಆಡಳಿತವು ಮಾರ್ಟಿನೆಜ್ ಅವರನ್ನು ಉಳಿಸಿಕೊಂಡು, ಜುಲೈ ಕೊನೆಯಲ್ಲಿ ಡೇನಿಯಲ್ ಹಡ್ಸನ್ ಮೊದಲಾದ ಬದಲಿ ಪಿಚರುಗಳನ್ನು ಕರೆತಂದಿತು. ಉಳಿದ ೧೧೨ ಪಂದ್ಯಗಳಲ್ಲಿ ೭೪ ಗೆಲುವು! ಅಕ್ಟೋಬರ್ ೩೦ರಂದು ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೋಸ್ ತಂಡವನ್ನು ಮಣಿಸಿ ನ್ಯಾಷನಲ್ಸ್ ವರ್ಲ್ಡ್ ಸೀರೀಸ್ ಪಟ್ಟವನ್ನೇರಿತು. ಅಂದಿನ ಕೊನೆಯ ಚೆಂಡನ್ನೆಸೆದವರು ಅದೇ ಹಡ್ಸನ್.

ಹಾಗಾದರೆ ತಾಳ್ಮೆ ಬೋಧಿಸಿದವರದಷ್ಟೇ ಜಯವೆ? ಅಲ್ಲ, ಬದಲಿಯವರು ದುರ್ಬಲರೆಂದು ಗೊಣಗಿದವರ ಮಾತೂ ಸುಳ್ಳಾಗಲಿಲ್ಲ. ರೋಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು; ರೋಗಿಯ ಆಯುಸ್ಸನ್ನು ಮಾತ್ರ ಕಡಿಮೆಯಾಗಿ ಎಣಿಸಿದ್ದರು.