ಸೂರ್ಯನ ಸುತ್ತು ಎಲ್ಲೆಡೆ ಒಂದೇ ಅಲ್ಲ

ಪ್ರಶ್ನೆ: ಸೂರ್ಯನ ನಡುಭಾಗ ಧ್ರುವಗಳಿಗಿಂತ ಬೇಗ ತಿರುಗುವುದು ನಿಜವೇ?

ಉತ್ತರ: ನಿಜ. ಸಮಭಾಜಕದ ಬಳಿ ಒಂದು ಸುತ್ತಿಗೆ ಸುಮಾರು 25 ದಿನ, ಧ್ರುವಗಳ ಬಳಿ ಸುಮಾರು 35 ದಿನ. ಸೂರ್ಯಕಲೆಗಳ ಚಲನೆಯನ್ನು ಅಳೆದ ಖಗೋಳಜ್ಞ ಕ್ಯಾರಿಂಗ್ಟನ್ 1863ರಲ್ಲಿ ಈ ವ್ಯತ್ಯಾಸವನ್ನು ಪ್ರಕಟಿಸಿದರು. ಜಾರುವುದು ಕಲೆಗಳಷ್ಟೇ ಇರಬಹುದಲ್ಲವೇ? ಇಲ್ಲ, ಕಲೆಗಳು ಕಾಣದ ಅಕ್ಷಾಂಶಗಳಲ್ಲೂ, ಅಂಚಿನ ಬೆಳಕು ನೀಲಿಗೋ ಕೆಂಪಿಗೋ ಸರಿಯುವುದನ್ನು ಅಳೆದಾಗ ಇದೇ ಉತ್ತರ ಸಿಗುತ್ತದೆ. ಸೂರ್ಯ ಭೂಮಿಯಂತೆ ಗಟ್ಟಿಯಲ್ಲ, ಪ್ಲಾಸ್ಮಾದ ಗೋಳ; ಆದ್ದರಿಂದ ಅದರ ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲವು. ಹಾಗಾದರೆ ತಿಕ್ಕಾಟದಿಂದ ವೇಗ ಸಮವಾಗಬೇಕಿತ್ತಲ್ಲ ಎನ್ನಬಹುದು. ಹೊರಪದರದಲ್ಲಿ ಕುದಿಯುವ ಪ್ಲಾಸ್ಮಾ ತಿರುಗುವ ಚಲನೆಯನ್ನು ಸಮಭಾಜಕದತ್ತ ಸಾಗಿಸುತ್ತಲೇ ಇರುವುದರಿಂದ ಅದು ಸಮವಾಗದು. ಈ ಅಸಮ ಸುತ್ತೇ ಕಾಂತರೇಖೆಗಳನ್ನು ಎಳೆದು ಸುತ್ತಿ ಬಿಗಿಯುತ್ತದೆ. ಆ ಬಿಗುವು ಸಿಡಿದಾಗ ಹೊಮ್ಮುವ ರೇಡಿಯೊ ಅಲೆಗಳನ್ನು ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ಇಂದಿಗೂ ದಾಖಲಿಸುತ್ತಿದೆ.